ವೆಬ್ ಸರ್ವರ್ ಮರುಚಾಲನೆ: ಒಂದು ಸಾಲಿನ ಕಮಾಂಡಿನ ಚರಿತ್ರೆ

ಬ್ರೌಸರ್ ಕೇಳಿದ ಪುಟವನ್ನು ಹುಡುಕಿ ಕಳಿಸಿಕೊಡುವ ಪ್ರೋಗ್ರಾಮೇ ವೆಬ್ ಸರ್ವರ್. ಒಮ್ಮೆ ಶುರುವಾದರೆ ಅದು ತೆರೆಮರೆಯಲ್ಲಿ ಓಡುತ್ತಲೇ ಇರುತ್ತದೆ. ಕೇಳುವವರು ಯಾರೂ ಇಲ್ಲದಾಗ ಸುಮ್ಮನೆ ಕಾಯುತ್ತದೆ. ಯಾವ ಪೋರ್ಟ್‌ನಲ್ಲಿ, ಅಂದರೆ ಯಾವ ಸಂಖ್ಯೆಯ ಬಾಗಿಲಲ್ಲಿ, ಕಾಯಬೇಕು, ಪುಟಗಳು ಯಾವ ಫೋಲ್ಡರಿನಲ್ಲಿವೆ, ಬಂದುಹೋದವರ ಲೆಕ್ಕವನ್ನು ಯಾವ ಫೈಲಿನಲ್ಲಿ ಬರೆಯಬೇಕು ಎಂಬ ವಿವರಗಳೆಲ್ಲ ಒಂದು ಕಾನ್ಫಿಗರೇಶನ್ ಫೈಲಿನಲ್ಲಿರುತ್ತವೆ. ಹೆಚ್ಚಿನ ಸರ್ವರ್‌ಗಳು ಈ ಫೈಲನ್ನು ಓದುವುದು ಶುರುವಾಗುವಾಗ ಒಮ್ಮೆ ಮಾತ್ರ. ಆಮೇಲೆ ಅದರಲ್ಲಿ ಏನನ್ನು ತಿದ್ದಿ ಸೇವ್ ಮಾಡಿದರೂ ಓಡುತ್ತಿರುವ ಸರ್ವರ್‌ಗೆ ಗೊತ್ತಾಗುವುದಿಲ್ಲ. ತಿದ್ದಿದ್ದು ಜಾರಿಗೆ ಬರಬೇಕಾದರೆ ಸರ್ವರನ್ನು ನಿಲ್ಲಿಸಿ ಮತ್ತೆ ಶುರುಮಾಡಬೇಕು, ಇಲ್ಲವೇ ಫೈಲನ್ನು ಇನ್ನೊಮ್ಮೆ ಓದು ಎಂದು ಅದಕ್ಕೆ ಹೇಳಬೇಕು. ಮರುಚಾಲನೆ, ಅಂದರೆ ರೀಸ್ಟಾರ್ಟ್, ಎಂಬ ಕೆಲಸ ಹುಟ್ಟಿದ್ದು ಈ ಅಗತ್ಯದಿಂದ.

ಬಳಸುವವರ ಸ್ವಂತ ಕಂಪ್ಯೂಟರಿನಲ್ಲೇ ಓಡುವ ಸರ್ವರ್‌ಗೆ ಲೋಕಲ್ ಸರ್ವರ್ ಎಂಬ ಹೆಸರಿದೆ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಅಥವಾ 127.0.0.1 ಎಂದು ಟೈಪ್ ಮಾಡಿದರೆ ಕೋರಿಕೆ ಆ ಯಂತ್ರದಿಂದ ಹೊರಗೆ ಹೋಗುವುದೇ ಇಲ್ಲ; ಅಲ್ಲಿನ ಸರ್ವರೇ ಉತ್ತರ ಕೊಡುತ್ತದೆ. ಅದನ್ನು ಮರುಚಾಲನೆ ಮಾಡಲು ಇಂದು ಕಮಾಂಡ್ ಲೈನಿನಲ್ಲಿ ಒಂದು ಸಾಲು ಬರೆದರೆ ಸಾಕು. ಆದರೆ ಆ ಒಂದು ಸಾಲು ಇಷ್ಟು ಸುಲಭವೂ ಸುರಕ್ಷಿತವೂ ಆಗಲು ಹಲವು ದಶಕಗಳ ದುಡಿಮೆ ಬೇಕಾಯಿತು. ಸರ್ವರನ್ನು ಬದಲಿಸುವ ಆ ಕ್ಷಣದಲ್ಲಿ ಪುಟ ಓದುತ್ತಿರುವವರಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಈ ದುಡಿಮೆಯ ಉದ್ದಕ್ಕೂ ಕಾಣುತ್ತದೆ.

ಯೂನಿಕ್ಸ್‌ನ ಸಿಗ್ನಲ್‌ಗಳು

ಈ ಚರಿತ್ರೆಯ ಬೇರು ವೆಬ್‌ಗಿಂತ ಹಳೆಯದು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಕೆಲಸ ಶುರುಮಾಡಿದರು. ಓಡುತ್ತಿರುವ ಪ್ರತಿ ಪ್ರೋಗ್ರಾಂಗೂ ಅದರಲ್ಲಿ ಒಂದು ಸಂಖ್ಯೆ ಇರುತ್ತದೆ. ಅದಕ್ಕೆ ಪ್ರೊಸೆಸ್ ಐಡಿ, ಚಿಕ್ಕದಾಗಿ ಪಿಐಡಿ ಎನ್ನುತ್ತಾರೆ. ಆ ಸಂಖ್ಯೆಯನ್ನು ಹಿಡಿದು ಹೊರಗಿನಿಂದ ಒಂದು ಸೂಚನೆ ಕಳಿಸುವ ಏರ್ಪಾಡೇ ಸಿಗ್ನಲ್. ಸಿಗ್ನಲ್ ಕಳಿಸುವ ಕಮಾಂಡಿಗೆ ಕಿಲ್ ಎಂಬ ಹೆಸರಿದ್ದರೂ ಅದರ ಎಲ್ಲ ಸಿಗ್ನಲ್‌ಗಳೂ ಪ್ರೋಗ್ರಾಮನ್ನು ಕೊನೆಗಾಣಿಸಲೇಬೇಕೆಂದಿಲ್ಲ. 1979ರಲ್ಲಿ ಹೊರಬಂದ ಯೂನಿಕ್ಸ್‌ನ 7ನೆಯ ಆವೃತ್ತಿಯ ವೇಳೆಗೆ ಇಂದು ಬಳಕೆಯಲ್ಲಿರುವ ಮುಖ್ಯ ಸಂಖ್ಯೆಗಳು ನೆಲೆಗೊಂಡಿದ್ದವು. 15ನೆಯ ಸಿಗ್ನಲ್ ಬಂದರೆ ಪ್ರೋಗ್ರಾಂ ಕೈಲಿರುವ ಕೆಲಸ ಮುಗಿಸಿ, ಫೈಲುಗಳನ್ನು ಮುಚ್ಚಿ ನಿಲ್ಲಬಹುದು. 9ನೆಯದು ಬಂದರೆ ಅಂಥ ಅವಕಾಶವಿಲ್ಲ. ವ್ಯವಸ್ಥೆಯೇ ಅದನ್ನು ತಕ್ಷಣ ಮುಗಿಸಿಬಿಡುತ್ತದೆ. ಕೀಲಿಮಣೆಯಲ್ಲಿ ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿದಾಗ ಹೋಗುವುದು 2ನೆಯ ಸಿಗ್ನಲ್.

ಮರುಚಾಲನೆಯ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು 1ನೆಯ ಸಿಗ್ನಲ್. ಆ ಕಾಲದಲ್ಲಿ ದೂರದ ಟರ್ಮಿನಲ್ಲುಗಳು ಟೆಲಿಫೋನ್ ತಂತಿ ಮತ್ತು ಮೋಡೆಮ್ ಮೂಲಕ ಕಂಪ್ಯೂಟರಿಗೆ ಸೇರುತ್ತಿದ್ದವು. ಲೈನ್ ಕಡಿದುಹೋದರೆ ಆ ಟರ್ಮಿನಲ್ಲಿನಿಂದ ಶುರುವಾಗಿದ್ದ ಪ್ರೋಗ್ರಾಂಗಳಿಗೆ ಹ್ಯಾಂಗಪ್ ಎಂಬ ಈ ಸಿಗ್ನಲ್ ಹೋಗುತ್ತಿತ್ತು, ಅವು ನಿಂತುಬಿಡುತ್ತಿದ್ದವು. ಆದರೆ ಹಿನ್ನೆಲೆಯಲ್ಲಿ ಓಡುವ ಸೇವಾ ಪ್ರೋಗ್ರಾಂಗಳಿಗೆ ಟರ್ಮಿನಲ್ಲೇ ಇಲ್ಲ. ಕಡಿದುಹೋಗಲು ಲೈನೇ ಇಲ್ಲವಾದ್ದರಿಂದ ಈ ಸಿಗ್ನಲ್ ಅವುಗಳಿಗೆ ತಾನಾಗಿ ಬರುವ ಸಂದರ್ಭವಿರಲಿಲ್ಲ. ಹೀಗೆ ಬಿಡುವಾಗಿದ್ದ ಸಿಗ್ನಲ್ಲಿಗೆ ಪ್ರೋಗ್ರಾಮರುಗಳು ಹೊಸ ಕೆಲಸ ಹಚ್ಚಿದರು: ಕಾನ್ಫಿಗರೇಶನ್ ಫೈಲನ್ನು ಮತ್ತೆ ಓದು. ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸ್ 1986ರಲ್ಲಿ 4.3 ಆವೃತ್ತಿಗೆ ಬಂದಾಗ ಅದರಲ್ಲಿ ಐನೆಟ್‌ಡಿ ಎಂಬ ಪ್ರೋಗ್ರಾಂ ಇತ್ತು. ಹಲವು ಪೋರ್ಟ್‌ಗಳನ್ನು ಒಂದೇ ಕಡೆಯಿಂದ ಕಾಯುತ್ತಾ, ಕೋರಿಕೆ ಬಂದಾಗ ಮಾತ್ರ ತಕ್ಕ ಸೇವೆಯನ್ನು ಎಬ್ಬಿಸುವುದು ಅದರ ಕೆಲಸ. ಅದಕ್ಕೂ ಹ್ಯಾಂಗಪ್ ಸಿಗ್ನಲ್ ಕೊಟ್ಟರೆ ತನ್ನ ಪಟ್ಟಿಯನ್ನು ಮತ್ತೆ ಓದುತ್ತಿತ್ತು. ವೆಬ್ ಹುಟ್ಟುವ ಹೊತ್ತಿಗೆ ಈ ರೂಢಿ ಗಟ್ಟಿಯಾಗಿತ್ತು.

ಜಿನೀವಾದಿಂದ ಇಲಿನಾಯ್‌ಗೆ

1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಭೌತವಿಜ್ಞಾನ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಜಗತ್ತಿನ ಮೊದಲ ವೆಬ್ ಸರ್ವರನ್ನು ಓಡಿಸಿದರು. ಅದು ಓಡಿದ್ದು ಅವರ ಮೇಜಿನ ಮೇಲಿದ್ದ ನೆಕ್ಸ್ಟ್ ಕಂಪನಿಯ ಕಪ್ಪು ಕಂಪ್ಯೂಟರಿನಲ್ಲಿ. ಸರ್ವರ್ ಬರೆದದ್ದು, ಬ್ರೌಸರ್ ಬರೆದದ್ದು, ದಿನದ ಉಳಿದ ಕೆಲಸ ನಡೆದದ್ದು ಎಲ್ಲವೂ ಅದೇ ಯಂತ್ರದಲ್ಲಿ. ಈ ಯಂತ್ರ ಒಂದು ಸರ್ವರ್, ಇದರ ಪವರ್ ಆಫ್ ಮಾಡಬೇಡಿ ಎಂಬ ಅರ್ಥದ ಚೀಟಿಯೊಂದನ್ನು ಕೆಂಪು ಶಾಯಿಯಲ್ಲಿ ಕೈಬರಹದಲ್ಲಿ ಬರೆದು ಅದಕ್ಕೆ ಅಂಟಿಸಲಾಗಿತ್ತು. ಆ ಯಂತ್ರ ನಿಂತರೆ ಸರ್ವರೂ ನಿಲ್ಲುತ್ತಿತ್ತು. ಓದುಗರನ್ನು ಕಾಪಾಡಲು ಅಂದು ಇದ್ದ ಉಪಾಯಗಳಲ್ಲಿ ಈ ಚೀಟಿಯೂ ಒಂದು.

1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ವೆಬ್‌ನ ತಂತ್ರಾಂಶವನ್ನು ಎಲ್ಲರಿಗೂ ಮುಕ್ತಗೊಳಿಸಿತು. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ಎಚ್‌ಟಿಟಿಪಿಡಿ ಎಂಬ ಸರ್ವರ್ ಬಂತು. ಅದನ್ನು ಎರಡು ಬಗೆಯಲ್ಲಿ ಓಡಿಸಬಹುದಿತ್ತು. ಐನೆಟ್‌ಡಿಯ ಅಡಿಯಲ್ಲಿಟ್ಟರೆ ಪ್ರತಿ ಕೋರಿಕೆಗೂ ಸರ್ವರ್ ಹೊಸದಾಗಿ ಎದ್ದು, ಪ್ರತಿ ಸಲವೂ ಕಾನ್ಫಿಗರೇಶನ್ ಓದಿ, ಪುಟ ಕೊಟ್ಟು ಮುಗಿಯುತ್ತಿತ್ತು. ಈ ಬಗೆಯಲ್ಲಿ ಮರುಚಾಲನೆಯ ಮಾತೇ ಇಲ್ಲ; ಆದರೆ ಓದುಗರು ಹೆಚ್ಚಿದಂತೆ ಯಂತ್ರ ಸೋಲುತ್ತಿತ್ತು. ಸ್ವತಂತ್ರವಾಗಿ ಓಡಿಸಿದರೆ ವೇಗ ಸಿಗುತ್ತಿತ್ತು, ಮರುಚಾಲನೆಯ ಹೊಣೆ ಬೆನ್ನಿಗೆ ಬರುತ್ತಿತ್ತು. ವೆಬ್ ಬೆಳೆದ ಹಾಗೆ ಜನ ಎರಡನೆಯದನ್ನೇ ಆರಿಸಿಕೊಂಡರು.

ಸ್ವತಂತ್ರವಾಗಿ ಓಡುವ ಸರ್ವರ್ ಶುರುವಾದ ಕೂಡಲೇ ತನ್ನ ಪಿಐಡಿಯನ್ನು ಎಚ್‌ಟಿಟಿಪಿಡಿ ಡಾಟ್ ಪಿಐಡಿ ಎಂಬ ಪುಟ್ಟ ಫೈಲಿನಲ್ಲಿ ಬರೆದಿಡುತ್ತಿತ್ತು. ಆ ಫೈಲಿನಲ್ಲಿ ಇದ್ದದ್ದು ಒಂದು ಸಂಖ್ಯೆ ಮಾತ್ರ. ಫೈಲಿನಿಂದ ಆ ಸಂಖ್ಯೆಯನ್ನು ಓದಿಸಿ, ಕಿಲ್ ಕಮಾಂಡಿನ ಬಾಯಿಗೆ ಕೊಟ್ಟು, ಹ್ಯಾಂಗಪ್ ಸಿಗ್ನಲ್ ಕಳಿಸುವುದು ಆಗಿನ ಮರುಚಾಲನೆಯ ವಿಧಾನ. ಇಷ್ಟೂ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು. ಆದರೆ ಪಿಐಡಿ ತಪ್ಪಿದರೆ ಸಿಗ್ನಲ್ ಬೇರೆ ಯಾವುದೋ ಪ್ರೋಗ್ರಾಂಗೆ ಹೋಗುವ ಅಪಾಯವಿತ್ತು. ಕರೆಂಟ್ ಹೋಗಿ ಯಂತ್ರ ನಿಂತಿದ್ದರೆ ಹಳೆಯ ಪಿಐಡಿ ಫೈಲ್ ಹಾಗೆಯೇ ಉಳಿದು, ಇಲ್ಲದ ಸರ್ವರನ್ನು ಇದೆ ಎಂದು ತೋರಿಸುತ್ತಿತ್ತು.

ಅಪಾಚೆ ತಂದ ಶಿಸ್ತು

ಮೆಕೂಲ್ 1994ರಲ್ಲಿ ಎನ್‌ಸಿಎಸ್‌ಎ ಬಿಟ್ಟ ಮೇಲೆ ಅವರ ಸರ್ವರಿನ ಬೆಳವಣಿಗೆ ಕುಂಠಿತವಾಯಿತು. ಅದನ್ನು ಬಳಸುತ್ತಿದ್ದವರು ತಮ್ಮ ತಮ್ಮ ತಿದ್ದುಪಡಿಗಳನ್ನು ಒಟ್ಟುಗೂಡಿಸಲು 1995ರ ಫೆಬ್ರವರಿಯಲ್ಲಿ ಅಪಾಚೆ ತಂಡ ಕಟ್ಟಿದರು. ಬ್ರಯನ್ ಬೆಲೆಂಡಾರ್ಫ್ ಅದರ ಮುಂಚೂಣಿಯಲ್ಲಿದ್ದವರು. ಅದೇ ವರ್ಷ ರಾಬರ್ಟ್ ಥೌ ರೂಪಿಸಿದ ಹೊಸ ಒಳರಚನೆ ಬಂತು. ಡಿಸೆಂಬರ್ 1ರಂದು ಅಪಾಚೆ 1.0 ಹೊರಬಂತು. 1996ರ ಏಪ್ರಿಲ್ ವೇಳೆಗೆ, ನೆಟ್‌ಕ್ರಾಫ್ಟ್ ಸಮೀಕ್ಷೆಯ ಪ್ರಕಾರ, ಅಂತರಜಾಲದಲ್ಲಿ ಅತಿ ಹೆಚ್ಚು ಬಳಕೆಯ ಸರ್ವರ್ ಅದೇ ಆಗಿತ್ತು.

ಅಪಾಚೆಯಲ್ಲಿ ಒಂದು ತಾಯಿ ಪ್ರೊಸೆಸ್ ಮತ್ತು ಅದು ಮೊದಲೇ ಹುಟ್ಟಿಸಿಟ್ಟ ಹಲವು ಮರಿ ಪ್ರೊಸೆಸ್‌ಗಳಿರುತ್ತವೆ. ಪುಟ ಕೊಡುವ ಕೆಲಸ ಮರಿಗಳದು, ತಾಯಿಯದು ಉಸ್ತುವಾರಿ. ಮರುಚಾಲನೆಯ ಅರ್ಥವನ್ನೇ ಈ ರಚನೆ ಬದಲಿಸಿತು. ಹ್ಯಾಂಗಪ್ ಸಿಗ್ನಲ್ ಬಂದರೆ ತಾಯಿ ನಿಲ್ಲುವುದಿಲ್ಲ. ಮರಿಗಳನ್ನೆಲ್ಲ ಮುಗಿಸಿ, ಫೈಲನ್ನು ಮತ್ತೆ ಓದಿ, ಹೊಸ ಮರಿಗಳನ್ನು ಹುಟ್ಟಿಸುತ್ತದೆ. ಅರ್ಧ ಪುಟ ಕಳಿಸಿದ್ದ ಮರಿಯೂ ಅಲ್ಲಿಗೇ ಮುಗಿಯುವುದರಿಂದ ಓದುಗನಿಗೆ ಉಳಿದರ್ಧ ಸಿಗುವುದಿಲ್ಲ. ಈ ನಷ್ಟ ತಪ್ಪಿಸಲೆಂದೇ ಗ್ರೇಸ್‌ಫುಲ್ ಎಂಬ ಎರಡನೆಯ ವಿಧಾನ ಬಂತು. ಅದಕ್ಕೆ ಬಳಸುವುದು ಪ್ರೋಗ್ರಾಮರುಗಳ ಸ್ವಂತ ಉಪಯೋಗಕ್ಕೆಂದು ಯೂನಿಕ್ಸ್ ಬಿಟ್ಟುಕೊಟ್ಟಿರುವ ಯೂಸರ್-1 ಸಿಗ್ನಲ್. ಹೋಟೆಲಿನಲ್ಲಿ ಪಾಳಿ ಬದಲಾಗುವಾಗ ಹಳೆಯ ಪಾಳಿಯ ಸಪ್ಲೈಯರು ತಾವು ಹಿಡಿದ ಟೇಬಲ್ ಮುಗಿಸಿಯೇ ಹೊರಡುವಂತೆ, ಪ್ರತಿ ಮರಿಯೂ ಕೈಲಿರುವ ಕೋರಿಕೆಯನ್ನು ಪೂರೈಸಿ ನಿಲ್ಲುತ್ತದೆ; ಹೊಸ ಮರಿ ಹೊಸ ನಿಯಮಗಳೊಂದಿಗೆ ಅದರ ಜಾಗಕ್ಕೆ ಬರುತ್ತದೆ.

1998ರ ಜೂನ್‌ನಲ್ಲಿ ಬಂದ ಅಪಾಚೆ 1.3ರ ಜೊತೆಗೆ ಅಪಾಚೆ-ಸಿಟಿಎಲ್ ಎಂಬ ಸಹಾಯಕ ಕಮಾಂಡ್ ಇತ್ತು. ಪಿಐಡಿ ಫೈಲ್ ಹುಡುಕುವುದು, ಸಿಗ್ನಲ್ ಸಂಖ್ಯೆ ನೆನಪಿಡುವುದು ಎರಡೂ ಇದರಿಂದ ತಪ್ಪಿದವು. ಸ್ಟಾರ್ಟ್, ಸ್ಟಾಪ್, ರೀಸ್ಟಾರ್ಟ್, ಗ್ರೇಸ್‌ಫುಲ್ ಎಂದು ಬರೆದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತಿತ್ತು. ಇವುಗಳ ಸಾಲಿನಲ್ಲಿದ್ದ ಕಾನ್ಫಿಗ್‌ಟೆಸ್ಟ್‌ನ ಬೆಲೆ ಇನ್ನೂ ಹೆಚ್ಚಿನದು. ಕಾನ್ಫಿಗರೇಶನ್ ಫೈಲಿನಲ್ಲಿ ಒಂದು ಅಕ್ಷರ ತಪ್ಪಿದ್ದರೂ ಮರುಚಾಲನೆಯ ವೇಳೆ ತಾಯಿ ಪ್ರೊಸೆಸ್ ದೋಷ ವರದಿ ಮಾಡಿ ನಿಂತುಬಿಡುತ್ತಿತ್ತು, ಮತ್ತೆ ಏಳುತ್ತಿರಲಿಲ್ಲ. ಅಂದರೆ ಚೆನ್ನಾಗಿ ಓಡುತ್ತಿದ್ದ ತಾಣ ಒಂದು ಅಲ್ಪವಿರಾಮದ ತಪ್ಪಿಗೆ ಇಡಿಯಾಗಿ ಮುಚ್ಚುತ್ತಿತ್ತು. ಕಾನ್ಫಿಗ್‌ಟೆಸ್ಟ್ ಫೈಲನ್ನು ಮೊದಲೇ ಓದಿ, ತಪ್ಪಿದ್ದರೆ ಎಷ್ಟನೆಯ ಸಾಲಿನಲ್ಲಿ ಎಂದು ತೋರಿಸುತ್ತದೆ. ಇಲ್ಲದಿದ್ದರೆ ಸಿಂಟ್ಯಾಕ್ಸ್ ಓಕೆ ಎನ್ನುತ್ತದೆ. ರೀಸ್ಟಾರ್ಟ್ ಮತ್ತು ಗ್ರೇಸ್‌ಫುಲ್ ಕಮಾಂಡುಗಳು ಈ ಪರೀಕ್ಷೆಯನ್ನು ತಾವೇ ಮೊದಲು ನಡೆಸಿ ಮುಂದುವರಿಯುವ ಏರ್ಪಾಡೂ ಆಯಿತು.

ಆ ದಿನಗಳಲ್ಲಿ ಮರುಚಾಲನೆಗೆ ಇನ್ನೊಂದು ದೊಡ್ಡ ಕಾರಣ ಲಾಗ್ ಫೈಲುಗಳು. ಬಂದ ಪ್ರತಿ ಕೋರಿಕೆಗೂ ಒಂದು ಸಾಲು ಸೇರುತ್ತಾ ಅವು ಡಿಸ್ಕ್ ತುಂಬುತ್ತಿದ್ದವು. ಹಳೆಯ ಲಾಗ್‌ಗೆ ಬೇರೆ ಹೆಸರಿಟ್ಟರೆ ಸಾಲುತ್ತಿರಲಿಲ್ಲ. ಸರ್ವರ್ ಆ ಫೈಲನ್ನು ತೆರೆದೇ ಇಟ್ಟುಕೊಂಡಿರುವುದರಿಂದ ಹೆಸರು ಬದಲಾದರೂ ಅದರಲ್ಲೇ ಬರೆಯುತ್ತಾ ಹೋಗುತ್ತಿತ್ತು. ಹೊಸ ಫೈಲ್ ತೆರೆಸಲು ಗ್ರೇಸ್‌ಫುಲ್ ಸಿಗ್ನಲ್ ಕೊಡಬೇಕು, ಹಳೆಯ ಮರಿಗಳೆಲ್ಲ ಮುಗಿಯುವವರೆಗೆ ಸ್ವಲ್ಪ ಕಾಯಬೇಕು, ಆಮೇಲೆ ಹಳೆಯದನ್ನು ಕುಗ್ಗಿಸಿಡಬೇಕು. ಈ ಕ್ರಮ ಇಂದಿಗೂ ಹಾಗೆಯೇ ಇದೆ.

ಪೋರ್ಟ್ ಎಂಬ ತಡೆ

ನಿಂತ ಸರ್ವರ್ ಮತ್ತೆ ಏಳದಿರಲು ಕಾನ್ಫಿಗರೇಶನ್ ಬಿಟ್ಟರೆ ಸಾಮಾನ್ಯ ಕಾರಣ ಪೋರ್ಟ್. ವೆಬ್‌ನ ಪೋರ್ಟ್ ಸಂಖ್ಯೆ 80. ಯೂನಿಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್‌ಗಳನ್ನು ಹಿಡಿಯುವ ಅಧಿಕಾರ ಇದ್ದದ್ದು ಯಂತ್ರದ ಪೂರ್ಣ ಹಿಡಿತವಿರುವ ರೂಟ್ ಬಳಕೆದಾರನಿಗೆ ಮಾತ್ರ. ಆದ್ದರಿಂದ ಸಾಮಾನ್ಯ ಖಾತೆಯಿಂದ ಮರುಚಾಲನೆ ಮಾಡಹೋದರೆ ಅನುಮತಿ ಇಲ್ಲ ಎಂಬ ಉತ್ತರ ಬರುತ್ತದೆ; ಕಮಾಂಡನ್ನು ರೂಟ್ ಅಧಿಕಾರದಲ್ಲಿ ಓಡಿಸಲು ಅದರ ಮೊದಲಿಗೆ ಸುಡೊ ಸೇರಿಸುವ ಅಭ್ಯಾಸ ಇದರಿಂದಲೇ ಬೆಳೆಯಿತು. ರೂಟ್ ಅಧಿಕಾರ ಇಲ್ಲದ ವಿದ್ಯಾರ್ಥಿಗಳೂ ಪ್ರೋಗ್ರಾಮರುಗಳೂ 8000, 8080ರಂಥ ದೊಡ್ಡ ಸಂಖ್ಯೆಗಳನ್ನು ಬಳಸಿದರು.

ವಿಳಾಸ ಆಗಲೇ ಬಳಕೆಯಲ್ಲಿದೆ ಎಂಬ ದೋಷಕ್ಕೆ ಎರಡು ಮೂಲಗಳಿವೆ. ಒಂದು, ಹಳೆಯ ಸರ್ವರ್ ಪೂರ್ತಿ ನಿಂತಿರುವುದಿಲ್ಲ, ಇಲ್ಲವೇ ಬೇರೊಂದು ಪ್ರೋಗ್ರಾಂ ಆ ಪೋರ್ಟ್ ಹಿಡಿದಿರುತ್ತದೆ. ಇನ್ನೊಂದು ಅಂತರಜಾಲದ ಸಂಪರ್ಕಗಳನ್ನು ಆಳುವ ಟಿಸಿಪಿ ನಿಯಮಗಳಲ್ಲೇ ಇರುವಂಥದ್ದು. 1981ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಆ ನಿಯಮಗಳ ಪ್ರಕಾರ ಸಂಪರ್ಕವನ್ನು ಮೊದಲು ಮುಚ್ಚಿದ ಕಡೆಯವರು ಸ್ವಲ್ಪ ಹೊತ್ತು ಆ ಸಂಪರ್ಕದ ಗುರುತನ್ನು ಬಿಟ್ಟುಕೊಡುವಂತಿಲ್ಲ. ದಾರಿಯಲ್ಲಿ ತಡವಾದ ಹಳೆಯ ಪ್ಯಾಕೆಟ್ ಹೊಸ ಸಂಪರ್ಕಕ್ಕೆ ಬಂದು ಸೇರದಿರಲಿ ಎಂಬ ಎಚ್ಚರಿಕೆ ಇದು. ಯೂನಿಕ್ಸ್ ಮಾದರಿಯ ಲಿನಕ್ಸ್‌ನಲ್ಲಿ ಈ ಅವಧಿ 60 ಸೆಕೆಂಡು. ಅಷ್ಟು ಹೊತ್ತು ಕಾಯದೆ ಅದೇ ಪೋರ್ಟನ್ನು ಮತ್ತೆ ಹಿಡಿಯಲು ಬರ್ಕ್ಲಿ ಯೂನಿಕ್ಸ್‌ನ ಸಾಕೆಟ್ ವ್ಯವಸ್ಥೆಯಲ್ಲಿ ಒಂದು ಆಯ್ಕೆ ಇದೆ. ಒಳ್ಳೆಯ ಸರ್ವರ್‌ಗಳೆಲ್ಲ ಅದನ್ನು ಬಳಸುತ್ತವೆ; ಹೊಸಬರು ತಾವೇ ಬರೆದ ಸರ್ವರಿನಲ್ಲಿ ಅದನ್ನು ಮರೆತಾಗ ಈ ದೋಷ ಇಂದಿಗೂ ಎದುರಾಗುತ್ತದೆ.

ಮನೆಯ ಕಂಪ್ಯೂಟರಿಗೆ ಬಂದ ಸರ್ವರ್

1990ರ ದಶಕದ ಉತ್ತರಾರ್ಧದಲ್ಲಿ ಲಿನಕ್ಸ್ ಸಾಮಾನ್ಯ ಪಿಸಿಗಳಲ್ಲಿ ಓಡತೊಡಗಿದಾಗ ವೆಬ್ ಸರ್ವರ್ ವಿಶ್ವವಿದ್ಯಾಲಯಗಳ ಯಂತ್ರಕೋಣೆ ಬಿಟ್ಟು ಮನೆಗೆ ಬಂತು. ಭಾರತದಲ್ಲಿ ಆಗ ಅಂತರಜಾಲ ದುಬಾರಿಯೂ ನಿಧಾನವೂ ಆಗಿತ್ತು. ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಗಳೊಂದಿಗೆ ಕೊಡುತ್ತಿದ್ದ ಲಿನಕ್ಸ್ ಸಿಡಿಗಳಿಂದ ಎಷ್ಟೋ ಮಂದಿ ಕಲಿತರು. ಲಿನಕ್ಸ್, ಅಪಾಚೆ, ಮೈಎಸ್‌ಕ್ಯುಎಲ್ ಮತ್ತು ಪಿಎಚ್‌ಪಿ ಅಥವಾ ಪರ್ಲ್ ಇವುಗಳ ಜೋಡಣೆಗೆ 1998ರಲ್ಲಿ ಜರ್ಮನಿಯ ಸಿಟಿ ಎಂಬ ಕಂಪ್ಯೂಟರ್ ಪತ್ರಿಕೆಯಲ್ಲಿ ಮೈಕೆಲ್ ಕುಂಜ಼ೆ ಲ್ಯಾಂಪ್ ಎಂಬ ಹೆಸರು ಬಳಸಿದರು. 2002ರಲ್ಲಿ ಜರ್ಮನಿಯ ಅಪಾಚೆ ಫ್ರೆಂಡ್ಸ್ ಬಳಗ ಇವನ್ನೆಲ್ಲ ಒಂದೇ ಕಂತೆಯಲ್ಲಿ ಕಟ್ಟಿಕೊಟ್ಟಿತು, ಅದೇ ಜ಼ಾಂಪ್. ಅದರ ಲಿನಕ್ಸ್ ಆವೃತ್ತಿಯಲ್ಲಿ ಲ್ಯಾಂಪ್ ರೀಸ್ಟಾರ್ಟ್ ಎಂಬ ಒಂದು ಕಮಾಂಡು ವೆಬ್ ಸರ್ವರನ್ನೂ ಡೇಟಾಬೇಸನ್ನೂ ಒಟ್ಟಿಗೆ ಮರುಚಾಲನೆ ಮಾಡುತ್ತದೆ.

ವಿಂಡೋಸ್ ಮತ್ತು ಮ್ಯಾಕ್‌ಗಳ ದಾರಿ ಸ್ವಲ್ಪ ಬೇರೆ. ವಿಂಡೋಸ್ 2000ದೊಂದಿಗೆ ಬಂದ ಐಐಎಸ್ 5 ವೆಬ್ ಸರ್ವರಿನಲ್ಲಿ ಮರುಚಾಲನೆಗೆ ಐಐಎಸ್-ರೀಸೆಟ್ ಎಂಬ ಒಂದೇ ಪದದ ಕಮಾಂಡ್ ಇತ್ತು. 2001ರ ಮ್ಯಾಕ್ ಓಎಸ್ ಟೆನ್‌ನೊಳಗೆ ಅಪಾಚೆ ಸೇರಿಯೇ ಬರುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಒಂದು ಗುರುತು ಹಾಕಿದರೆ ಸರ್ವರ್ ಓಡುತ್ತಿತ್ತು. 2012ರ ಮೌಂಟನ್ ಲಯನ್ ಆವೃತ್ತಿಯಲ್ಲಿ ಆಪಲ್ ಆ ಗುರುತಿನ ಚೌಕವನ್ನು ತೆಗೆದರೂ ಅಪಾಚೆಯನ್ನು ಉಳಿಸಿತು. ಆಮೇಲೆ ಮ್ಯಾಕ್ ಬಳಸುವವರಿಗೂ ಸುಡೊ ಅಪಾಚೆ-ಸಿಟಿಎಲ್ ರೀಸ್ಟಾರ್ಟ್ ಎಂಬ ಸಾಲೇ ದಾರಿಯಾಯಿತು.

ಕನ್ನಡದ ಪುಟಗಳಿಗೂ ಈ ಚರಿತ್ರೆಗೂ ನೇರ ಸಂಬಂಧವಿದೆ. 2000ದ ದಶಕದ ಮೊದಲಲ್ಲಿ ಕನ್ನಡ ಯೂನಿಕೋಡ್‌ಗೆ ಹೊರಳುತ್ತಿತ್ತು. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಅದೇ ಕಾಲದ ಅಪಾಚೆ 2.0ರ ಆರಂಭದ ಮಾದರಿ ಕಾನ್ಫಿಗರೇಶನ್ ಫೈಲಿನಲ್ಲಿ ಎಲ್ಲ ಪುಟಗಳೂ ಪಶ್ಚಿಮ ಯುರೋಪಿನ ಲಿಪಿಸಂಕೇತದಲ್ಲಿವೆ ಎಂದು ಸಾರುವ ಒಂದು ಸಾಲಿತ್ತು. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಕ, ನ, ವಿರಾಮ (ಹಲಂತ) ಚಿಹ್ನೆ, ನ, ಡ ಎಂಬ 5 ಸಂಕೇತಗಳಿವೆ, ಒಟ್ಟು 15 ಬೈಟ್. ಸರ್ವರ್ ಹೇಳಿದ್ದನ್ನು ನಂಬಿದ ಬ್ರೌಸರ್ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಓದಿ, ತಲೆಯ ಮೇಲೆ ಗೀಟಿರುವ ರೋಮನ್ ‘ಎ’ ಮತ್ತೆ ಮತ್ತೆ ಬರುವ ಗೊಂದಲವನ್ನು ತೋರಿಸುತ್ತಿತ್ತು. ಪುಟದೊಳಗೆ ಯುಟಿಎಫ್-8 ಎಂದು ಬರೆದಿದ್ದರೂ ಉಪಯೋಗವಿಲ್ಲ, ಸರ್ವರ್ ಕಳಿಸುವ ಹೆಡರ್‌ಗೇ ಮೊದಲ ಮನ್ನಣೆ. ಕಾನ್ಫಿಗರೇಶನ್ ಫೈಲಿನ ಆ ಸಾಲನ್ನು ತೆಗೆದು ಅಥವಾ ಯುಟಿಎಫ್-8 ಎಂದು ತಿದ್ದಿ, ಸರ್ವರನ್ನು ಮರುಚಾಲನೆ ಮಾಡಿದ ಮೇಲೆಯೇ ಕನ್ನಡ ಕನ್ನಡವಾಗಿ ಕಾಣುತ್ತಿತ್ತು.

ಸ್ಕ್ರಿಪ್ಟುಗಳಿಂದ ಸಿಸ್ಟಮ್‌ಡಿಗೆ

ಯಂತ್ರ ಬೂಟ್ ಆಗುವಾಗ ಸರ್ವರ್ ತಾನಾಗಿ ಏಳುವ ಏರ್ಪಾಡೂ ಬೇಕಿತ್ತು. ಸಿಸ್ಟಮ್ ಫೈವ್ ಯೂನಿಕ್ಸ್‌ನ ಪದ್ಧತಿಯನ್ನು ಲಿನಕ್ಸ್ ಅನುಸರಿಸಿತು. ಅದರಲ್ಲಿ ಪ್ರತಿ ಸೇವೆಗೂ ಒಂದು ಶೆಲ್ ಸ್ಕ್ರಿಪ್ಟ್, ಆ ಸ್ಕ್ರಿಪ್ಟುಗಳೆಲ್ಲ ಇನಿಟ್-ಡಿ ಫೋಲ್ಡರಿನಲ್ಲಿ. ರೆಡ್ ಹ್ಯಾಟ್ ಲಿನಕ್ಸ್ ಬಳಸುವವರು ಸರ್ವಿಸ್ ಎಚ್‌ಟಿಟಿಪಿಡಿ ರೀಸ್ಟಾರ್ಟ್ ಎಂದು ಬರೆದರೆ, ಡೆಬಿಯನ್ ಬಳಸುವವರು ಆ ಫೋಲ್ಡರಿನಲ್ಲಿರುವ ಅಪಾಚೆ-2 ಎಂಬ ಸ್ಕ್ರಿಪ್ಟಿಗೆ ರೀಸ್ಟಾರ್ಟ್ ಎಂದು ಹೇಳುತ್ತಿದ್ದರು. ಒಂದೇ ಸರ್ವರ್‌ಗೆ ಎರಡು ಕಡೆ ಎರಡು ಹೆಸರು. ಕಲಿಯುವವರಿಗೆ ಇದು ಇಂದಿಗೂ ತೊಡಕು. ಈ ಸ್ಕ್ರಿಪ್ಟುಗಳು ಕೊನೆಗೆ ನೆಚ್ಚಿಕೊಂಡಿದ್ದು ಅದೇ ಪಿಐಡಿ ಫೈಲನ್ನು, ಆದ್ದರಿಂದ ಅದರ ದೋಷಗಳೂ ಉಳಿದವು.

2010ರಲ್ಲಿ ಲೆನಾರ್ಟ್ ಪಟ್ಟರಿಂಗ್ ಮತ್ತು ಕೇ ಸೀವರ್ಸ್ ಆ ಸ್ಕ್ರಿಪ್ಟುಗಳ ಬದಲಿಗೆ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯನ್ನು ಪ್ರಕಟಿಸಿದರು. 2011ರಲ್ಲಿ ಫೆಡೋರಾ 15, 2014ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಅದನ್ನು ಅಳವಡಿಸಿಕೊಂಡವು. ಒಂದು ಸೇವೆಯಿಂದ ಹುಟ್ಟಿದ ಪ್ರೊಸೆಸ್‌ಗಳನ್ನೆಲ್ಲ ಲಿನಕ್ಸ್ ಕರ್ನೆಲ್ಲೇ ಒಂದು ಗುಂಪಾಗಿ ಗುರುತಿಡುವ ಸೌಲಭ್ಯವನ್ನು ಅದು ಬಳಸಿಕೊಂಡಿತು. ಹೀಗಾಗಿ ಸರ್ವರ್ ನಿಂತ ಮೇಲೆ ಅದರ ಮರಿಯೊಂದು ಕಣ್ಣುತಪ್ಪಿಸಿ ಉಳಿದು ಪೋರ್ಟ್ ಹಿಡಿದಿರುವ ತೊಂದರೆ ಬಹುಮಟ್ಟಿಗೆ ನೀಗಿತು. ಸಿಸ್ಟಮ್-ಸಿಟಿಎಲ್ ರೀಸ್ಟಾರ್ಟ್ ಎಂದರೆ ಸೇವೆ ಪೂರ್ತಿ ನಿಂತು ಏಳುತ್ತದೆ. ಸಿಸ್ಟಮ್-ಸಿಟಿಎಲ್ ರೀಲೋಡ್ ಎಂದರೆ ಸೇವೆ ನಿಲ್ಲದೆ ಕಾನ್ಫಿಗರೇಶನ್ ಮಾತ್ರ ಹೊಸದಾಗುತ್ತದೆ.

ನಿಲ್ಲದೆ ಬದಲಾಗುವ ಸರ್ವರ್

ರಷ್ಯಾದ ಇಗೋರ್ ಸಿಸೊಯೆವ್ 2002ರಲ್ಲಿ ಬರೆಯತೊಡಗಿ 2004ರ ಅಕ್ಟೋಬರ್ 4ರಂದು ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಓದುಗರಿಗೆ ಅಡ್ಡಿಯಾಗದೆ ಬದಲಾಗುವ ಕಲೆಯನ್ನು ಇನ್ನೂ ಮುಂದಕ್ಕೊಯ್ದಿತು. ಹ್ಯಾಂಗಪ್ ಸಿಗ್ನಲ್ ಬಂದಾಗ ಅದರ ಮುಖ್ಯ ಪ್ರೊಸೆಸ್ ಹೊಸ ಕಾನ್ಫಿಗರೇಶನನ್ನು ಮೊದಲು ಪರೀಕ್ಷಿಸುತ್ತದೆ. ತಪ್ಪಿದ್ದರೆ ಹಳೆಯದನ್ನೇ ಇಟ್ಟುಕೊಂಡು ಓಡುತ್ತಾ ಹೋಗುತ್ತದೆ. ಸರಿಯಿದ್ದರೆ ಹೊಸ ಕೆಲಸಗಾರ ಪ್ರೊಸೆಸ್‌ಗಳನ್ನು ಎಬ್ಬಿಸಿದ ಮೇಲೆ ಹಳೆಯವಕ್ಕೆ ಕೈಲಿರುವುದನ್ನು ಮುಗಿಸಿ ನಿಲ್ಲಲು ಹೇಳುತ್ತದೆ. ಹಿಂದೆ ಇಡೀ ತಾಣವನ್ನು ಮುಚ್ಚಿಸುತ್ತಿದ್ದ ಒಂದು ಅಲ್ಪವಿರಾಮದ ತಪ್ಪು ಇಲ್ಲಿ ಲಾಗ್ ಫೈಲಿನ ಒಂದು ಸಾಲಾಗಿ ಮುಗಿಯುತ್ತದೆ. ಸರ್ವರಿನ ಆವೃತ್ತಿಯನ್ನೇ ಬದಲಿಸುವಾಗಲೂ ಯೂಸರ್-2 ಸಿಗ್ನಲ್ಲಿನಿಂದ ಹೊಸ ಆವೃತ್ತಿಯನ್ನು ಹಳೆಯದರ ಪಕ್ಕದಲ್ಲೇ ಓಡಿಸಿ, ಅದು ಸರಿಯಿದೆ ಎಂದು ಖಚಿತವಾದ ಮೇಲೆ ಹಳೆಯದನ್ನು ನಿಲ್ಲಿಸಬಹುದು. ಸಂಪರ್ಕವೊಂದೂ ಕಡಿಯುವುದಿಲ್ಲ.

ಲೋಕಲ್ ಸರ್ವರಿನಲ್ಲಿ ಕೆಲಸ ಮಾಡುವ ಪ್ರೋಗ್ರಾಮರುಗಳ ಅಗತ್ಯ ಇದಕ್ಕಿಂತ ಬೇರೆ. ಅಲ್ಲಿ ದಿನವಿಡೀ ಬದಲಾಗುವುದು ಕಾನ್ಫಿಗರೇಶನ್ ಅಲ್ಲ, ಪ್ರೋಗ್ರಾಂ. ಸರ್ವರ್ ಓಡುತ್ತಿರುವ ಕಿಟಕಿಯಲ್ಲಿ ಕಂಟ್ರೋಲ್-ಸಿ ಒತ್ತಿ ನಿಲ್ಲಿಸುವುದು, ಮೇಲ್ಮುಖ ಬಾಣದ ಕೀಲಿ ಒತ್ತಿ ಹಿಂದಿನ ಕಮಾಂಡನ್ನು ಕರೆಯುವುದು, ಎಂಟರ್ ಒತ್ತುವುದು; ಈ ಮೂರೂ ಬೆರಳಿಗೆ ರೂಢಿಯಾದವು. 2005ರಲ್ಲಿ ಬಂದ, ಪೈಥಾನ್ ಭಾಷೆಯ ವೆಬ್ ಚೌಕಟ್ಟಾದ ಜಾಂಗೊ ತನ್ನ ಲೋಕಲ್ ಸರ್ವರಿನಲ್ಲೇ ಪೈಥಾನ್ ಫೈಲುಗಳನ್ನು ಗಮನಿಸುತ್ತಾ, ಬದಲಾದ ಕೂಡಲೇ ತಾನಾಗಿ ಮರುಚಾಲನೆಯಾಗುವ ಸೌಲಭ್ಯ ಕೊಟ್ಟಿತು. ನೋಡ್ ಜೆಎಸ್ 2009ರಲ್ಲಿ ಬಂದ ಮರುವರ್ಷವೇ ರೆಮಿ ಶಾರ್ಪ್ ಅದಕ್ಕೂ ಇದೇ ಸೌಲಭ್ಯ ಕೊಡುವ ನೋಡ್‌ಮನ್ ಬರೆದರು. 2022ರಲ್ಲಿ ನೋಡ್‌ಗೇ ಅಂಥ ಸೌಲಭ್ಯ ಸೇರಿತು. 2012ರ ಪಿಎಚ್‌ಪಿ 5.4ರಲ್ಲಿ ಬಂದ ಲೋಕಲ್ ಸರ್ವರ್ ಪ್ರತಿ ಕೋರಿಕೆಗೂ ಫೈಲನ್ನು ಹೊಸದಾಗಿ ಓದುವುದರಿಂದ ಪುಟ ತಿದ್ದಿದಾಗ ಮರುಚಾಲನೆಯೇ ಬೇಕಿಲ್ಲ. ಆದರೂ ಸೆಟ್ಟಿಂಗ್ಸ್ ಫೈಲ್ ಬದಲಾದರೆ, ಹೊಸ ವಿಸ್ತರಣೆ ಸೇರಿದರೆ, ಎನ್ವಿರಾನ್‌ಮೆಂಟ್ ಬೆಲೆಗಳನ್ನು ತಿದ್ದಿದರೆ ಸರ್ವರನ್ನು ಕೈಯಾರೆ ನಿಲ್ಲಿಸಿ ಶುರುಮಾಡಲೇಬೇಕು.

2013ರಲ್ಲಿ ಬಂದ ಡಾಕರ್ ಕಂಟೇನರುಗಳ, ಅಂದರೆ ಸರ್ವರನ್ನು ಅದಕ್ಕೆ ಬೇಕಾದದ್ದರೊಂದಿಗೆ ಕಟ್ಟಿಟ್ಟ ಪೊಟ್ಟಣಗಳ, ಕಾಲದಲ್ಲಿ ಓಡುತ್ತಿರುವ ಸರ್ವರನ್ನು ತಿದ್ದುವ ಬದಲು ಅದನ್ನು ತೆಗೆದು, ಹೊಸ ಕಂಟೇನರನ್ನು ಆ ಜಾಗದಲ್ಲಿಡುವ ಪದ್ಧತಿ ಹರಡಿತು. ಅಲ್ಲಿಯೂ ನಿಲ್ಲಿಸುವ ಕಮಾಂಡ್ ಕಳಿಸುವುದು, ಬೇರೆ ಹೇಳದಿದ್ದರೆ, ಮೊದಲು 15ನೆಯ ಸಿಗ್ನಲ್. 10 ಸೆಕೆಂಡಿನಲ್ಲಿ ಸರ್ವರ್ ನಿಲ್ಲದಿದ್ದರೆ 9ನೆಯದು. ಸಿಸ್ಟಮ್-ಸಿಟಿಎಲ್ ಮೂಲಕ ರೀಲೋಡ್ ಹೇಳಿದಾಗ ಎಂಜಿನ್‌ಎಕ್ಸ್‌ಗೆ ತಲುಪುವುದು ಹ್ಯಾಂಗಪ್, ಅಪಾಚೆಗೆ ತಲುಪುವುದು ಯೂಸರ್-1. ಕಮಾಂಡುಗಳ ಹೆಸರು ಎಷ್ಟೇ ಬದಲಾದರೂ ಒಳಗಿನ ಸಿಗ್ನಲ್‌ಗಳು ಯೂನಿಕ್ಸ್ ಕಾಲದವೇ. ಆದ್ದರಿಂದ ಲೋಕಲ್ ಸರ್ವರ್ ಬಳಸುವ ಯಾರಿಗೇ ಆಗಲಿ ಈ ಚರಿತ್ರೆ ಕಲಿಸುವ ಕ್ರಮ ಒಂದೇ: ಮೊದಲು ಕಾನ್ಫಿಗರೇಶನ್ ಪರೀಕ್ಷೆ, ಸಾಧ್ಯವಿದ್ದಲ್ಲಿ ರೀಲೋಡ್, ಅನಿವಾರ್ಯವಾದಾಗ ರೀಸ್ಟಾರ್ಟ್, ಬೇರೆ ದಾರಿಯೇ ಇಲ್ಲದಾಗ ಮಾತ್ರ 9ನೆಯ ಸಿಗ್ನಲ್.